ಸಮುದ್ರದ ಕಲ್ಲು, ಎದುರು ಮನೆಯ ಹೆಪ್ಪು

ನನ್ನ ಗಂಡನಿಗೆ ಸಾಮಾನು ಮಾರುವವರನ್ನು ಕಂಡರೆ ಕರುಳು ಚುರುಕ್ ಎನ್ನುತ್ತದೆ. ಕೊಟ್ಟಿಗೆಹಾರದ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಚೀಲ ಬಿಚ್ಚಿದರೆ ಸಾಕು, ಹೋಟೆಲಿನ ಗಲ್ಲಾ ಬಿಟ್ಟು ಅಲ್ಲಿ ಹೋಗಿ ನಿಂತಿರುತ್ತಾರೆ. ಮಂಡಿನೋವಿಗೆ ಕಟ್ಟುವ ಅಯಸ್ಕಾಂತದ ಪಟ್ಟಿ, ಹಲ್ಲಿ ಬಾರದ ಹಾಗೆ ಮಾಡುವ ಗುಳಿಗೆ, ಕರೆಂಟ್ ಬಿಲ್ ಇಳಿಸುವ ಪ್ಲಗ್ಗು, ಇವೆಲ್ಲ ನಮ್ಮ ಅಟ್ಟದ ಮೇಲೆ ಇವೆ. ಮಂಡಿನೋವು, ಹಲ್ಲಿ, ಕರೆಂಟ್ ಬಿಲ್ಲು, ಅವೂ ಇವೆ. ಇಂಥ ಮನುಷ್ಯ ಊರಿನವರ ಜೊತೆ ರಾಜಸ್ಥಾನದ ಟೂರಿಗೆ ಹೊರಟಾಗ ನಾನು ಒಂದೇ ಮಾತು ಹೇಳಿದ್ದೆ: ಏನು ಬೇಕಾದರೂ ನೋಡಿ, ಏನೂ ತರಬೇಡಿ. ಆಯಿತು ಎಂದು ತಲೆಯಾಡಿಸಿ ಹೋದವರು ಬರುವಾಗ ಒಂದು ಕಲ್ಲು ತಂದರು.

ಕಲ್ಲೆಂದರೆ ಕಲ್ಲಿನ ಬೋಗುಣಿ. ಜೈಸಲ್ಮೇರಿನ ಹತ್ತಿರ ಹಾಬೂರ್ ಎಂಬ ಹಳ್ಳಿ ಇದೆಯಂತೆ, ಅಲ್ಲಿಯ ಕಲ್ಲು. ಬೆಲ್ಲದ ಬಣ್ಣ, ಮುಟ್ಟಿದರೆ ನುಣುಪು, ಮೈಯಲ್ಲೆಲ್ಲ ಚಿಪ್ಪಿನ ಚೂರುಗಳು. ಒಳಗೆ ತಳದಲ್ಲಿ ಚಕ್ಕುಲಿಯ ಹಾಗೆ ಸುತ್ತಿಕೊಂಡ ಒಂದು ದೊಡ್ಡ ಚಿಪ್ಪು ಕಲ್ಲಿನ ಜೊತೆಯೇ ಕೂಡಿಹೋಗಿತ್ತು. ಡೈನೋಸಾರ್‌ಗಳು ಓಡಾಡುತ್ತಿದ್ದ ಕಾಲದಲ್ಲಿ ಆ ಮರಳುಗಾಡು ಸಮುದ್ರವಾಗಿತ್ತು, ಅದರ ತಳದ ಕೆಸರು ಗಟ್ಟಿಯಾಗಿ ಈ ಕಲ್ಲಾಯಿತು, ಆಗ ಸತ್ತ ಜೀವಿಗಳು ಅದರೊಳಗೇ ಉಳಿದುಬಿಟ್ಟವು ಎಂದು ಅಂಗಡಿಯವನು ಹೇಳಿದನಂತೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಅವನನ್ನು ನಾನು ಒಳ್ಳೆಯವನು ಎನ್ನುತ್ತಿದ್ದೆ. ಇದಕ್ಕೆ ಉಗುರುಬೆಚ್ಚಗಿನ ಹಾಲು ಸುರಿದು ರಾತ್ರಿ ಮುಚ್ಚಿಟ್ಟರೆ ಬೆಳಿಗ್ಗೆ ಹೆಪ್ಪೇ ಇಲ್ಲದೆ ಮೊಸರಾಗುತ್ತದೆ ಎಂದೂ ಸೇರಿಸಿದ. ನನ್ನ ಗಂಡ ಅಲ್ಲೇ ಕರಗಿಹೋದರು. ತಮ್ಮ ಬಟ್ಟೆಯನ್ನೆಲ್ಲ ಜೊತೆಯವರ ಚೀಲಕ್ಕೆ ತುರುಕಿ, ಇದಕ್ಕೆ ಟವೆಲ್ ಸುತ್ತಿ, ರೈಲಿನಲ್ಲಿ ಉದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ಬಂದರು. ಮಕ್ಕಳು ಸಣ್ಣವರಿದ್ದಾಗ ಒಬ್ಬರನ್ನೂ ಅವರು ಹಾಗೆ ಎತ್ತಿಕೊಂಡು ಬಂದದ್ದು ನಾನು ನೋಡಿಲ್ಲ.

ಬೇರೆ ಮನೆಯಲ್ಲಾಗಿದ್ದರೆ ಇದು ಒಂದು ದಿನದ ನಗುವಿಗೆ ಮುಗಿದುಹೋಗುತ್ತಿತ್ತು. ನಮ್ಮ ಮನೆಯಲ್ಲಿ ಹೆಪ್ಪು ಸಣ್ಣ ವಿಷಯ ಅಲ್ಲ. ನಮ್ಮದು ಕೂಡುರಸ್ತೆಯ ಪುಟ್ಟ ಹೋಟೆಲು. ಚಾರ್ಮಾಡಿ ಘಾಟಿ ಹತ್ತಿ ಬಂದ ಲಾರಿಯವರು, ಧರ್ಮಸ್ಥಳಕ್ಕೆ ಇಳಿಯುವ ಮೊದಲು ಊಟ ಮುಗಿಸಿಕೊಳ್ಳುವ ಕುಟುಂಬಗಳು, ಸುತ್ತಲಿನ ಎಸ್ಟೇಟಿನವರು, ದೇವರಮನೆಯ ಗುಡ್ಡದಲ್ಲಿ ಗಾಳಿಗೆ ಒಡ್ಡಿಕೊಂಡು ಹಲ್ಲು ಕಟಕಟಿಸುತ್ತ ಬರುವ ಹುಡುಗರು, ಇವರೆಲ್ಲರಿಗೂ ಊಟದ ಕೊನೆಗೆ ಬೇಕಾದದ್ದು ನಮ್ಮ ಮೊಸರು. ನಾಚಿಕೆ ಬಿಟ್ಟು ಹೇಳುತ್ತೇನೆ, ಈ ರಸ್ತೆಯಲ್ಲಿ ಅಂಥ ಮೊಸರು ಇನ್ನೆಲ್ಲೂ ಇಲ್ಲ. ಅದರಿಂದಲೇ ತೊಂದರೆ, ಸಂಜೆಗೆ ಪಾತ್ರೆಯ ತಳ ಕಾಣುತ್ತದೆ. ನಾಳೆಯ ಹೆಪ್ಪಿಗೆ ಇರಲಿ ಎಂದು ನಾನು ಒಂದು ಬಟ್ಟಲು ತೆಗೆದಿಟ್ಟರೆ, ಹೊತ್ತು ಮೀರಿ ಬಂದ ಯಾವನೋ ಡ್ರೈವರು ಒಂಚೂರು ಮೊಸರು ಇದ್ದಿದ್ದರೆ ಎಂದು ಮುಖ ಸಣ್ಣದು ಮಾಡುತ್ತಾನೆ. ನನ್ನ ಗಂಡ ಅದನ್ನೂ ತಂದು ಬಡಿಸುತ್ತಾರೆ. ಫ್ರಿಜ್ಜಿನಲ್ಲಿ ಸೊಪ್ಪಿನ ಹಿಂದೆ ಇಟ್ಟು ನೋಡಿದೆ, ಅಕ್ಕಿ ಡಬ್ಬದೊಳಗೆ ಹೂತು ನೋಡಿದೆ. ಮನೆಯಲ್ಲಿ ತಮ್ಮ ಕನ್ನಡಕ ಹುಡುಕಲಾರದ ಮನುಷ್ಯ ಮೊಸರನ್ನು ಮಾತ್ರ ಎಲ್ಲಿದ್ದರೂ ಹುಡುಕುತ್ತಾರೆ.

ಹಾಗಾಗಿ ನಮ್ಮ ಹೆಪ್ಪು ಬರುತ್ತಿದ್ದದ್ದು ಎದುರು ಮನೆಯಿಂದ. ರಸ್ತೆಯಾಚೆ ಜೀಪು, ಲಾರಿ ರಿಪೇರಿಯ ಗ್ಯಾರೇಜಿದೆ, ಅದರ ಹಿಂದೆಯೇ ಮೆಕ್ಯಾನಿಕ್ ಸಾಹೇಬರ ಮನೆ. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತೇನೆ. ಅವಳೂ ನನ್ನನ್ನು ಅಕ್ಕ ಎನ್ನುತ್ತಾಳೆ. ಇಬ್ಬರಲ್ಲಿ ಯಾರು ದೊಡ್ಡವರು ಎಂಬುದನ್ನು ಇಷ್ಟು ವರ್ಷವಾದರೂ ನಾವು ತೀರ್ಮಾನ ಮಾಡಿಲ್ಲ, ಮಾಡುವ ಆಸೆಯೂ ಇಲ್ಲ. ಅವಳ ಮನೆಯಲ್ಲಿ ಮೊಸರು ಎಂದೂ ಮುಗಿಯುವುದಿಲ್ಲ, ಮಂಜು ಮುಸುಕಿದ ಚಳಿ ದಿನಗಳಲ್ಲೂ ಕೆಡುವುದಿಲ್ಲ. ಸಂಜೆ ದೀಪ ಹಚ್ಚುವ ಮೊದಲು ಒಂದು ಪುಟ್ಟ ಸ್ಟೀಲ್ ಲೋಟದಲ್ಲಿ ಹೆಪ್ಪು ತರುತ್ತಿದ್ದಳು. ದೀಪ ಹಚ್ಚಿದ ಮೇಲೆ ಹೆಪ್ಪು ಹೊಸ್ತಿಲು ದಾಟಬಾರದು. ಆ ವಿಷಯದಲ್ಲಿ ಅವಳು ನನಗಿಂತ ಕಟ್ಟುನಿಟ್ಟು.

ಬೆಳಿಗ್ಗೆ ಲೋಟ ವಾಪಸ್ ಹೋಗಬೇಕು, ಆದರೆ ಬರಿದಾಗಿ ಹೋಗಬಾರದು. ಈ ಕಡೆಯ ಹೆಂಗಸರಿಗೆ ಇದನ್ನು ಯಾರೂ ಕಲಿಸುವುದಿಲ್ಲ, ಹುಟ್ಟುವಾಗಲೇ ಗೊತ್ತಿರುತ್ತದೆ. ಚಟ್ನಿಯೋ, ಪಲ್ಯವೋ, ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯೋ ಹಾಕಿಯೇ ಕೊಡಬೇಕು. ಬರಿ ಲೋಟ ಹೋಯಿತೆಂದರೆ ಇನ್ನು ನಮ್ಮ ನಿಮ್ಮ ಕೊಡುಕೊಳ್ಳುವುದು ಸಾಕು ಎಂದು ಹೇಳಿ ಕಳಿಸಿದ ಹಾಗೆ. ಆ ಲೋಟದಲ್ಲಿ ನಮ್ಮ ಮನೆಯ ಮಾವಿನಕಾಯಿ ಚಟ್ನಿ ಆಚೆ ಹೋಗಿದೆ, ಅವಳ ಮನೆಯ ಹಬ್ಬದ ಪಾಯಸ ಈಚೆ ಬಂದಿದೆ. ಲೋಟದ ಮೇಲೆ ಯಾರದೋ ಹೆಸರು ಕೆತ್ತಿದೆ, ಅದು ನಮ್ಮಿಬ್ಬರದೂ ಅಲ್ಲ, ಅಳಿಸಿಯೂ ಹೋಗಿದೆ. ಮೊದಲಿಗೆ ಅದು ಯಾರ ಮನೆಯ ಲೋಟ ಎಂಬುದು ಇಬ್ಬರಿಗೂ ನೆನಪಿಲ್ಲ.

ಆ ಲೋಟದ ನೆಪದಲ್ಲಿ ಅವಳು ಸಂಜೆ ನಮ್ಮ ಅಡುಗೆಮನೆಯ ಹಿಂಬಾಗಿಲಲ್ಲಿ ಸ್ವಲ್ಪ ಹೊತ್ತು ಕೂರುತ್ತಿದ್ದಳು. ಗಂಡಂದಿರನ್ನು ಬೈದುಕೊಳ್ಳಲು ಅಷ್ಟು ಹೊತ್ತು ಸಾಲದು, ಆದರೂ ಸುಧಾರಿಸುತ್ತಿದ್ದೆವು. ಬೆಳಗಿನಿಂದ ರಾತ್ರಿವರೆಗೆ ನಾನು ನೂರಾರು ಜನರ ಜೊತೆ ಮಾತಾಡುತ್ತೇನೆ, ಇನ್ನೊಂದು ದೋಸೆ ಹಾಕಲಾ, ಸಾಂಬಾರ್ ಬೇಕಾ, ಅಲ್ಲಿ ಕೈ ತೊಳೀರಿ. ಇದು ಮಾತಲ್ಲ. ನಾನು ಮಾತು ಎಂದು ಆಡುತ್ತಿದ್ದದ್ದು ಆ ಬಾಗಿಲಲ್ಲಿ ಮಾತ್ರ.

ಕಲ್ಲು ಬಂದ ಸಂಜೆ ನಾನು ಹಿಂದುಗಡೆ ಸೌದೆ ಕಟ್ಟಿಸುತ್ತಿದ್ದೆ. ನನ್ನ ಗಂಡ ಸ್ನಾನವನ್ನೂ ಮಾಡದೆ ಎದುರು ಮನೆಗೆ ಹೋಗಿ, ಇನ್ನು ಹೆಪ್ಪಿನ ತೊಂದರೆ ತೆಗೆದುಕೊಳ್ಳಬೇಡಿ, ನಮಗೆ ಕಲ್ಲು ಬಂದಿದೆ ಎಂದು ಹೇಳಿ ಬಂದರು. ಹೇಳಿ ಬಂದೆ ಎಂದು ನನಗೂ ಹೇಳಿದರು. ನಾಳೆ ಮೊಸರಾಗದೆ ನೀವೇ ಹೋಗಿ ಕೇಳುತ್ತೀರಿ, ಇರಿ ಎಂದುಕೊಂಡು ನಾನು ಸುಮ್ಮನಾದೆ. ಆ ಬೋಗುಣಿಗೆ ಹಾಲು ಸುರಿಯುವುದು, ಒಲೆಯ ಪಕ್ಕದ ಗೂಡಿನಲ್ಲಿ ಮುಚ್ಚಿಡುವುದು ಎಲ್ಲ ಅವರದೇ ಕೆಲಸ. ಒಂದೇ ಕೈ ಮುಟ್ಟಬೇಕು, ಮಧ್ಯದಲ್ಲಿ ತೆರೆದು ನೋಡಬಾರದು ಎಂದು ಅಂಗಡಿಯವನು ಹೇಳಿದ್ದನಂತೆ.

ಮಾರನೇ ದಿನ ಬೆಳಿಗ್ಗೆ ಅವರು, ರಾತ್ರಿ ಹಾಲು ಹಾಕಿದ್ದು ತಡವಾಗಿದೆ, ಇನ್ನೂ ಸ್ವಲ್ಪ ಇರಲಿ ಎಂದು ಗೂಡಿನ ಹತ್ತಿರ ನನ್ನನ್ನು ಬಿಡಲಿಲ್ಲ. ಮಧ್ಯಾಹ್ನ ತೆರೆದರೆ ಮೊಸರು. ಗಟ್ಟಿ ಮೊಸರು. ನಾನು ಬೆರಳು ಹಾಕಿ ನೋಡಿದೆ, ನೆಕ್ಕಿ ನೋಡಿದೆ. ನಮ್ಮ ಎಂದಿನ ರುಚಿಯೇ. ಆ ಬೋಗುಣಿಯ ಮೊಸರನ್ನೇ ಹೆಪ್ಪು ಮಾಡಿ ದೊಡ್ಡ ಪಾತ್ರೆಯ ಹಾಲಿಗೆ ಹಾಕಿದೆವು. ನನ್ನ ಗಂಡನ ಎದೆ ಆವತ್ತು ಎಷ್ಟು ಉಬ್ಬಿತೆಂದರೆ ಅಂಗಿಯ ಗುಂಡಿಗೆ ನಾನು ಹೆದರಿದೆ.

ಆದರೆ ಸಂಜೆ ಅಕ್ಕ ಬರಲಿಲ್ಲ. ಹೆಪ್ಪು ಬೇಡವೆಂದ ಮೇಲೆ ಹೆಪ್ಪು ತರುವುದಿಲ್ಲ, ಸರಿ. ಕೂತು ಹೋಗುವುದಕ್ಕೇನು? ಆಮೇಲೆ ನೋಡಿದರೆ, ಹಿಂದಿನ ದಿನ ಕೆಲಸದ ಗಡಿಬಿಡಿಯಲ್ಲಿ ವಾಪಸ್ ಕೊಡದೆ ಸಿಂಕಿನ ಪಕ್ಕ ಬೋರಲು ಹಾಕಿದ್ದ ಲೋಟವೂ ಇಲ್ಲ. ಅಂದರೆ ನಾನು ಹಿಂದುಗಡೆ ಇದ್ದಾಗ ಬಂದು, ನನ್ನ ಮುಖ ನೋಡದೆ, ಲೋಟ ತೆಗೆದುಕೊಂಡು ಹೋಗಿದ್ದಾಳೆ. ಒಂದು ಕಲ್ಲು ತಂದದ್ದಕ್ಕೆ ಇಷ್ಟು ಹೊಟ್ಟೆಕಿಚ್ಚೇ ಎಂದು ನನಗೆ ಉರಿಯಿತು. ನನ್ನ ಸಿಟ್ಟಿನ ಬಗ್ಗೆ ಊರಿಗೆಲ್ಲ ಗೊತ್ತಿದೆ. ಹಾಲು ಉಕ್ಕಿದ ಹಾಗೆ ಬಂದು ಇಳಿಯುವ ಸಿಟ್ಟು ಅಲ್ಲ ನನ್ನದು, ಹಂಡೆಯ ನೀರಿನ ಹಾಗೆ ನಿಧಾನ ಕಾದು ಬಹಳ ಹೊತ್ತು ಬಿಸಿಯಾಗಿಯೇ ಇರುತ್ತದೆ. ಅವಳು ಮಾತಾಡದಿದ್ದರೆ ನಾನೂ ಮಾತಾಡುವುದಿಲ್ಲ ಎಂದು ತೀರ್ಮಾನಿಸಿದೆ. ರಸ್ತೆಯಾಚೆ ಅವಳೂ ಅದನ್ನೇ ತೀರ್ಮಾನಿಸಿರಬೇಕು. ಬಟ್ಟೆ ಒಣಹಾಕುವಾಗ ಇಬ್ಬರ ಕಣ್ಣೂ ಕೂಡುತ್ತಿದ್ದವು, ಇಬ್ಬರೂ ಮೋಡ ನೋಡುತ್ತಿದ್ದೆವು.

ಇತ್ತ ಕಲ್ಲಿನ ಕೀರ್ತಿ ಬೆಳೆಯಿತು. ನನ್ನ ಗಂಡ ಹೋಟೆಲಿನ ಮುಂದೆ ಬೋರ್ಡು ಬರೆಸಿದರು: ಡೈನೋಸಾರ್ ಕಾಲದ ಸಮುದ್ರದ ಕಲ್ಲಿನ ಮೊಸರು. ಪೇಂಟರು ತನ್ನ ಖುಷಿಗೆ ಒಂದು ಡೈನೋಸಾರನ್ನೂ ಬಿಡಿಸಿ ಹೋದ. ಅದು ಓತಿಕ್ಯಾತಕ್ಕೆ ಹತ್ತಿರವಾಗಿತ್ತು, ಕೈಯಲ್ಲಿ ಮೊಸರಿನ ಬಟ್ಟಲು ಹಿಡಿದಿತ್ತು. ಪ್ರವಾಸಿಗಳು ಕಾರು ನಿಲ್ಲಿಸಿ ಫೋಟೋ ತೆಗೆಯತೊಡಗಿದರು. ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು ದಿನಾ ನಮ್ಮಲ್ಲೇ ಊಟ ಮಾಡುವವರು, ಮೊದಲಿನಿಂದಲೂ ಅದೇ ಮೊಸರು ತಿಂದವರು, ಕಲ್ಲು ಬಂದ ಮೇಲೆ ತಮ್ಮ ಹುಳಿತೇಗು ನಿಂತಿದೆ ಎಂದು ಎಲ್ಲರ ಮುಂದೆ ಸಾರಿದರು. ಪಾರ್ಚ್‌ಮೆಂಟ್ ಕಾಫಿ ಒಣಗಿಸುವ ಕಣದಿಂದ ಮೇಸ್ತ್ರಿಯನ್ನೂ ಕರೆತಂದು ತಿನ್ನಿಸಿದರು. ಮೇಸ್ತ್ರಿಗೆ ಹುಳಿತೇಗು ಇರಲೇ ಇಲ್ಲ, ಆದರೂ ಗುಣ ಕಾಣುತ್ತಿದೆ ಎಂದು ಒಪ್ಪಿಕೊಂಡರು.

ಒಂದು ವಿಷಯ ನಾನು ಆಗಲೇ ಗಮನಿಸಬೇಕಿತ್ತು. ನನ್ನ ಗಂಡ ಮಾತುಮಾತಿಗೆ ಮಂಜುನಾಥನ ಆಣೆ ಹಾಕುವವರು. ಇಡ್ಲಿ ಬಿಸಿ ಇದೆ, ಮಂಜುನಾಥನಾಣೆ. ಬಸ್ಸು ಈಗಷ್ಟೇ ಹೋಯಿತು, ಮಂಜುನಾಥನಾಣೆ. ಆದರೆ ಧರ್ಮಸ್ಥಳದ ದಾರಿಯಲ್ಲಿ ಕೂತು ಸುಳ್ಳಿಗೆ ಆ ಆಣೆ ಹಾಕುವ ಧೈರ್ಯ ಈ ಕಡೆ ಯಾರಿಗೂ ಇಲ್ಲ. ಈ ಕಲ್ಲಿನ ವಿಷಯ ಬಂದಾಗ ಮಾತ್ರ ಅವರು ಆಣೆ ಹಾಕುತ್ತಲೇ ಇರಲಿಲ್ಲ.

ಮಳೆಗಾಲ ಹಿಡಿಯುವ ಮುಂಚೆ ಒಂದು ದಿನ ಕಾಲೇಜಿನ ಮೇಷ್ಟ್ರೊಬ್ಬರು ಊಟಕ್ಕೆ ಬಂದರು. ಭೂಮಿ, ಕಲ್ಲುಗಳ ಪಾಠ ಮಾಡುವವರು. ಹುಡುಗರಿಗೆ ಘಾಟಿಯ ಬಂಡೆಗಳನ್ನು ತೋರಿಸಲು ಕರೆತರುವ ಮೊದಲು ದಾರಿ ನೋಡಿಕೊಂಡು ಹೋಗಲು ಬಂದಿದ್ದರು. ಬೋರ್ಡು ಓದಿ ನಗುತ್ತಲೇ ಒಳಗೆ ಬಂದವರು ಬೋಗುಣಿ ಕಂಡಾಗ ನಗು ನಿಲ್ಲಿಸಿ ಕನ್ನಡಕ ಹಾಕಿಕೊಂಡರು. ಊಟದ ಎಲೆ ಹಾಗೇ ಬಿಟ್ಟು ಬೋಗುಣಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಸಮುದ್ರದ ಮಾತು ನಿಜ ಎಂದರು. ನನ್ನ ಗಂಡ ನನ್ನ ಕಡೆ ನೋಡಿದ ನೋಟ ಇವತ್ತಿಗೂ ಮರೆತಿಲ್ಲ. ತಳದಲ್ಲಿದ್ದ ಚಕ್ಕುಲಿಯ ಹೆಸರು ಅಮೋನೈಟ್, ಅದು ಸಮುದ್ರದಲ್ಲಿ ಈಜಿಕೊಂಡಿದ್ದ ಜೀವಿಯ ಮನೆ ಎಂದರು. ಆ ಜೀವಿ ಬೆಳೆದ ಹಾಗೆಲ್ಲ ಚಿಪ್ಪಿನಲ್ಲಿ ಹೊಸ ಕೋಣೆ ಕಟ್ಟಿಕೊಳ್ಳುತ್ತದೆ, ಹಳೆಯ ಕೋಣೆಗೆ ಗೋಡೆ ಹಾಕಿ ಮುಚ್ಚುತ್ತದೆ, ತಾನು ಮಾತ್ರ ಕೊನೆಯ ಕೋಣೆಯಲ್ಲಿ ಇರುತ್ತದೆ. ಹಾಗಾದರೆ ನಮ್ಮ ಘಾಟಿಯ ಬಂಡೆಯಲ್ಲೂ ಹುಡುಕಿದರೆ ಸಿಗಬಹುದೇ ಎಂದು ನಾನು ಕೇಳಿದೆ. ಇಲ್ಲವಂತೆ. ನಮ್ಮ ಬಂಡೆಗಳು ಇದಕ್ಕಿಂತ ಎಷ್ಟೋ ಹಳೆಯವು, ಅವು ಆದಾಗ ಚಿಪ್ಪು ಹೊತ್ತ ಪ್ರಾಣಿ ಎಂಬುದೇ ಇನ್ನೂ ಹುಟ್ಟಿರಲಿಲ್ಲ. ನಮ್ಮೂರು ಅಷ್ಟು ಹಿರಿಯ ಊರು ಎಂದು ತಿಳಿದು ನನಗೆ ಸ್ವಲ್ಪ ಜಂಬವೇ ಆಯಿತು.

ಮೊಸರಿನ ಮಾತಿಗೆ ಮಾತ್ರ ಮೇಷ್ಟ್ರು ತಲೆ ಕೆರೆದುಕೊಂಡರು. ಆ ಕಲ್ಲಿನ ಬಗ್ಗೆ ಹಾಗೆ ಹೇಳುವುದನ್ನು ಕೇಳಿದ್ದೇನೆ, ಕಣ್ಣಾರೆ ನೋಡಿಲ್ಲ, ಬರಿ ಕಲ್ಲಿಗೆ ಹಾಲು ಹಾಕಿದರೆ ಮೊಸರಾಗುವುದು ನನಗೆ ನಂಬಲು ಕಷ್ಟ ಎಂದರು. ನೀವು ಹೆಪ್ಪು ಹಾಕುವುದೇ ಇಲ್ಲವೇ ಎಂದು ನೇರವಾಗಿ ಕೇಳಿದರು. ನನ್ನ ಗಂಡನಿಗೆ ಆಗಲೇ ನಲ್ಲಿ ಸೋರುತ್ತಿರುವುದು ನೆನಪಾಗಿ ಒಳಗೆ ಹೋದರು. ನಲ್ಲಿ ಸೋರುತ್ತಿರಲಿಲ್ಲ. ಮುಂದಿನ ವಾರ ಹುಡುಗರನ್ನು ಕರೆತಂದಾಗ ಊಟ ಇಲ್ಲೇ ಮಾಡುತ್ತೇವೆ, ಬೋಗುಣಿಯನ್ನು ಅವರ ಮುಂದೆಯೇ ತೆರೆದು ತೋರಿಸಿ ಎಂದು ಮೇಷ್ಟ್ರು ಹೇಳಿ ಹೋದರು.

ಆ ಕೋಣೆಗಳ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಸಂಜೆ ಹಿಂಬಾಗಿಲಲ್ಲಿ ಒಬ್ಬಳೇ ಕೂತು ಬೀನ್ಸ್ ನಾರು ತೆಗೆಯುವಾಗ, ಈ ಪ್ರಾಣಿ ಹಳೆಯ ಕೋಣೆಯನ್ನೆಲ್ಲ ಮುಚ್ಚಿಕೊಂಡು ತುದಿಯಲ್ಲಿ ಕೂತು ಏನು ಸಾಧಿಸಿತು, ಕಡೆಗೆ ಕಲ್ಲೇ ತಾನೇ ಆದದ್ದು ಎಂದು ಅನಿಸುತ್ತಿತ್ತು. ಅಕ್ಕ ಇಲ್ಲದೆ ಬೇಸರವಾಗುತ್ತಿತ್ತು. ಸುತ್ತಿ ಬಳಸಿ ಹೇಳುವುದೇನು, ಬಹಳ ಬೇಸರವಾಗುತ್ತಿತ್ತು. ಗಂಡನ ಬಗ್ಗೆ ಎಷ್ಟೊಂದು ಬೈಗುಳ ಸೇರಿಹೋಗಿದ್ದವು, ಹೇಳಿಕೊಳ್ಳಲು ಜನ ಇರಲಿಲ್ಲ. ಆದರೂ ರಸ್ತೆ ದಾಟುವುದೆಂದರೆ ಸೋತ ಹಾಗೆ. ಲೋಟ ಒಯ್ದವಳು ಅವಳು, ಅವಳೇ ಬರಲಿ ಎಂದು ಹಲ್ಲು ಕಚ್ಚಿ ಕೂತೆ.

ಮೇಷ್ಟ್ರು ಬರುವ ಹಿಂದಿನ ಸಂಜೆ ಘಾಟಿಯಲ್ಲಿ ದಟ್ಟ ಮಂಜು. ತಿರುವಿನಲ್ಲಿ ಲಾರಿಯೊಂದು ಕೆಟ್ಟು ನಿಂತು ಮೆಕ್ಯಾನಿಕ್ ಸಾಹೇಬರಿಗೆ ಕರೆ ಬಂತು, ಅವರು ಜೀಪು ಹತ್ತಿ ಹೋದರು. ಆಮೇಲೆ ನನ್ನ ಗಂಡನಿಗೆ ಏನಾಯಿತೋ, ನಿಮಿಷಕ್ಕೊಮ್ಮೆ ರಸ್ತೆಗೆ ಹೋಗಿ ಘಾಟಿಯ ಕಡೆ ಬಗ್ಗಿ ನೋಡುವುದು, ಬರುವುದು, ಮತ್ತೆ ಹೋಗುವುದು. ಫೋನು ಸಿಗುತ್ತಿಲ್ಲ ಎಂದು ಒದ್ದಾಡಿದರು. ಸ್ನೇಹಿತನ ಮೇಲೆ ಎಷ್ಟು ಕಾಳಜಿ ಎಂದು ನನ್ನ ಮನಸ್ಸು ಕರಗಿತು. ಸಾಹೇಬರಿಗೆ ಏನೂ ಆಗುವುದಿಲ್ಲ, ಬನ್ನಿ ಎಂದು ಶುಂಠಿ ಕಷಾಯ ಮಾಡಿ ಕೊಟ್ಟೆ. ಅವರು ಅದನ್ನು ಕುಡಿದರು, ನನ್ನ ಮುಖ ನೋಡಲಿಲ್ಲ.

ಬೆಳಿಗ್ಗೆ ನಾನು ಒಲೆ ಹಚ್ಚಲು ಬಂದಾಗ ಅವರು ಬೋಗುಣಿಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು. ಮುಚ್ಚಳ ಪಕ್ಕಕ್ಕಿತ್ತು. ಒಳಗೆ ಹಾಲು ಹಾಲಾಗಿಯೇ ಇತ್ತು, ಅಮೋನೈಟ್ ಮೇಲೆ ಕೆನೆ ಕಟ್ಟಿತ್ತು.

"ಹೆಪ್ಪು ಬರ್ಲಿಲ್ಲ," ಎಂದರು.

ಕಲ್ಲಿಗೆ ಎಲ್ಲಿಂದ ಹೆಪ್ಪು ಬರಬೇಕು ಎಂದು ನಾನು ಕೇಳಿದೆ. ಆಗ ಕಥೆ ಒಂದೊಂದಾಗಿ ಹೊರಗೆ ಬಿತ್ತು. ಮೊದಲ ರಾತ್ರಿಯೇ ಕಲ್ಲು ಕೈಕೊಟ್ಟಿತ್ತು. ಬೆಳಗಿನ ಜಾವ ಎದ್ದು ನೋಡಿ ಗಾಬರಿಯಾಗಿ, ಗ್ಯಾರೇಜಿನ ಶಟರು ಎತ್ತುತ್ತಿದ್ದ ಸಾಹೇಬರ ಕಾಲು ಹಿಡಿಯುವುದೊಂದು ಬಾಕಿ ಇಟ್ಟು ಬೇಡಿಕೊಂಡರಂತೆ. ಆವತ್ತಿನಿಂದ ಸಾಹೇಬರು ತಮ್ಮ ಹೆಂಡತಿಯ ಅಡುಗೆಮನೆಯಿಂದ ದಿನಾ ಎರಡು ಚಮಚ ಮೊಸರು ಕದ್ದು, ಸ್ಪಾರ್ಕ್ ಪ್ಲಗ್ ಬರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ಸಂಜೆ ಟೀ ಕುಡಿಯಲು ಬಂದವರ ಹಾಗೆ ಬಂದು ಗಲ್ಲಾದ ಕೆಳಗೆ ಇಟ್ಟು, ಹಿಂದಿನ ದಿನದ ಖಾಲಿ ಡಬ್ಬಿ ಒಯ್ಯುತ್ತಿದ್ದರಂತೆ. ಊರೆಲ್ಲ ಕೊಂಡಾಡಿದ ಡೈನೋಸಾರ್ ಕಾಲದ ಮೊಸರು ಇದು. ರೈಟರ ಹುಳಿತೇಗು ವಾಸಿಯಾದದ್ದು ಇದರಿಂದ.

ನನಗೆ ಮೊದಲು ನೆನಪಾದದ್ದು ಆ ಡಬ್ಬಿಯ ಗ್ರೀಸು, ಆಮೇಲೆ ಅಕ್ಕ. ಎದುರಿಗೇ ಮನೆ ಇರುವಾಗ ಕದಿಯುವ ಕರ್ಮ ಯಾಕೆ, ಅಕ್ಕನನ್ನೇ ಕೇಳಬಹುದಿತ್ತಲ್ಲ ಎಂದೆ.

"ಹೆಂಗೆ ಕೇಳೋದು ಮಾರಾಯ್ತಿ? ಇನ್ನು ಹೆಪ್ಪು ಬೇಡ ಅಂತ ಹೇಳಿ, ಲೋಟನೂ ವಾಪಸ್ ಕೊಟ್ಟು ಬಂದಿದ್ನಲ್ಲ."

ನನ್ನ ಕೈಯಲ್ಲಿದ್ದ ಬೆಂಕಿಪೆಟ್ಟಿಗೆ ಅಲ್ಲೇ ನಿಂತಿತು.

"ಲೋಟ ಕೊಟ್ಟಿದ್ದು ನೀವಾ? ಅದ್ರಲ್ಲಿ ಎಂತ ಹಾಕಿ ಕೊಟ್ರಿ?"

"ಎಂತ ಹಾಕೋದು? ಚೆನ್ನಾಗಿ ತೊಳ್ದು, ಒರೆಸಿ ಕೊಟ್ಟೆ," ಎಂದರು, ಶಭಾಷ್ ಎನ್ನುತ್ತೇನೆ ಎಂದು ಕಾದವರ ಹಾಗೆ.

ಮದುವೆಯಾಗಿ ಇಷ್ಟು ವರ್ಷದಲ್ಲಿ ನಾನು ಅವರಿಗೆ ಬೈದಿಲ್ಲವೆಂದಲ್ಲ. ಆವತ್ತು ಬೈಯುವುದಕ್ಕೂ ಮೊದಲು ಅಕ್ಕನ ಮುಖ ಕಣ್ಣಿಗೆ ಬಂತು. ಇಷ್ಟು ದಿನ ಎದುರು ಮನೆಯಲ್ಲಿ ಕೂತು ಅವಳು ಏನೆಂದುಕೊಂಡಿರಬೇಕು? ಅಷ್ಟು ವರ್ಷದ ಒಡನಾಟವನ್ನು ನಾನು ಒಂದು ಕಲ್ಲು ಸಿಕ್ಕಿತೆಂದು ತೊಳೆದು ಒರೆಸಿ, ಅದೂ ಗಂಡನ ಕೈಯಲ್ಲಿ ವಾಪಸ್ ಕಳಿಸಿದೆ ಎಂದು ತಾನೇ? ಹೋಗಬೇಕು, ಈಗಲೇ ಹೋಗಬೇಕು, ಆದರೆ ಬರಿಗೈಯಲ್ಲಿ ಹೋಗುವ ಹಾಗಿಲ್ಲ. ಅವಸರಕ್ಕೆ ಕಣ್ಣಿಗೆ ಬಿದ್ದದ್ದು ಅದೇ ಬೋಗುಣಿ. ಹಾಲಿನ ಸಮೇತ ಎತ್ತಿಕೊಂಡೆ. ಡೈನೋಸಾರ್ ಕಾಲದ ಸಮುದ್ರ ಬಹಳ ಭಾರ. ಮಂಜಿನಲ್ಲಿ ಎರಡೂ ಕೈಯಲ್ಲಿ ಅದನ್ನು ತಬ್ಬಿಕೊಂಡು ರಸ್ತೆ ದಾಟುವಾಗ ಮೂಡಿಗೆರೆಯ ಬಸ್ಸು ಬಂತು. ಡ್ರೈವರು ಹಾರ್ನ್ ಹೊಡೆದವನು ನನ್ನ ಮುಖ ನೋಡಿ ಹೊಡೆಯುವುದನ್ನು ನಿಲ್ಲಿಸಿದ.

ಅಕ್ಕ ಅಂಗಳ ಗುಡಿಸುತ್ತಿದ್ದಳು. ನನ್ನನ್ನೂ ಬೋಗುಣಿಯನ್ನೂ ನೋಡಿ ಸೆಟೆದು ನಿಂತಳು. ಹೆಪ್ಪು ಬೇಕಿತ್ತು ಎಂದೆ. ಕಲ್ಲು ಇದೆಯಲ್ಲ ಎಂದಳು. ಕಲ್ಲು ಕಲ್ಲೇ ಎಂದೆ. ಅವಳು ಪೊರಕೆಯನ್ನು ಗೋಡೆಗೆ ಒರಗಿಸಿದಳು, ಮಾತು ಅವಳ ಗಂಟಲಲ್ಲಿ ಎಷ್ಟು ದಿನದಿಂದ ಇತ್ತೋ.

"ಖಾಲಿ ಲೋಟ ಕಳ್ಸಿದ್ರಲ್ಲ ಅಕ್ಕ, ನಾನು ಅಂಥದ್ದು ಎಂತ ಮಾಡಿದ್ದೆ?"

ನಾನು ಕಳಿಸಿದ್ದಲ್ಲ, ನನಗೆ ಗೊತ್ತಾದದ್ದೇ ಈಗ ಎಂದು ಹೇಳಿದೆ. ನೀವೇ ಬಂದು ಒಯ್ದಿದ್ದೀರಿ ಎಂದುಕೊಂಡು ನಾನು ಮುನಿಸಿಕೊಂಡಿದ್ದೆ ಎಂದೂ ಹೇಳಿದೆ. ಲೋಟದಲ್ಲಿ ಏನು ಹಾಕಿದಿರಿ ಎಂದರೆ ತೊಳೆದು ಒರೆಸಿದೆ ಎಂದರು ನಮ್ಮ ಮನೆಯವರು ಎಂದು ಹೇಳುತ್ತ ಬೋಗುಣಿಯನ್ನು ಮೆಟ್ಟಿಲ ಮೇಲೆ ಇಳಿಸಿದೆ. ಅವಳು ನನ್ನನ್ನೇ ದಿಟ್ಟಿಸಿದಳು. ಆಮೇಲೆ ಬಾಯಿಗೆ ಸೆರಗು ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಸಿದು ಕೂತಳು. ನಾನು ಅಳುತ್ತಿದ್ದಾಳೆಂದು ಹೆದರಿದೆ.

"ಒರೆಸಿ ಬೇರೆ ಕೊಟ್ರಾ," ಎಂದಳು, ಉಸಿರು ಸಿಗದಷ್ಟು ನಗುತ್ತ.

ನಾನೂ ಪಕ್ಕದಲ್ಲಿ ಕೂತೆ. ಬೋಗುಣಿ ನಮ್ಮಿಬ್ಬರ ಮಧ್ಯೆ ಕೂತಿತು. ಎಷ್ಟೋ ದಿನದ ಬೈಗುಳ ಬಾಕಿ ಇತ್ತು, ಅರ್ಧದಷ್ಟನ್ನು ಅಲ್ಲೇ ತೀರಿಸಿದೆವು. ಬಸ್ಸು ಇಳಿದವರು ತಿಂಡಿಗೆ ಕಾಯುತ್ತಿದ್ದರು, ಕಾಯಲಿ ಎಂದು ಬಿಟ್ಟೆ.

ಘಾಟಿಯಲ್ಲಿ ಲಾರಿ ಸಾಲುಗಟ್ಟಿ ನಿಂತದ್ದರಿಂದ ಮೇಷ್ಟ್ರೂ ಹುಡುಗರೂ ಬಂದಾಗ ಊಟದ ಹೊತ್ತು ಮೀರಿ ಹೋಗಿತ್ತು, ಅಷ್ಟರಲ್ಲಿ ಅಕ್ಕನ ಹೆಪ್ಪಿಗೆ ನಮ್ಮ ಹಾಲು ಗಟ್ಟಿಯಾಗಿತ್ತು. ನನ್ನ ಗಂಡ ಎಲ್ಲರ ಮುಂದೆ ಬೋಗುಣಿ ತೆರೆದು, ಕೆಮ್ಮಿ, ಇದಕ್ಕೆ ಎದುರು ಮನೆಯ ಹೆಪ್ಪು ಹಾಕಿದೆ, ಮಂಜುನಾಥನಾಣೆ ಎಂದು ಒಪ್ಪಿಕೊಂಡರು. ಕಡೆಗೂ ಕಲ್ಲಿನ ವಿಷಯದಲ್ಲಿ ಆಣೆ ಹಾಕಿ ಅವರ ಮುಖ ಹಗುರಾಗಿತ್ತು. ಹುಡುಗರು ಚಪ್ಪಾಳೆ ತಟ್ಟಿದರು. ಮೇಷ್ಟ್ರು ಮಾತ್ರ ಮೊಸರಿನ ಗೊಡವೆಗೇ ಹೋಗದೆ, ಬೋಗುಣಿ ಬೇಗ ಖಾಲಿ ಮಾಡಿ, ಹುಡುಗರಿಗೆ ನಾನು ಅಮೋನೈಟ್ ತೋರಿಸಬೇಕು ಎಂದು ಬಡಿಸಲು ಹೇಳಿದರು. ಡಬ್ಬಿಯ ವಿಷಯ ಕೇಳಿ ರೈಟರು ಎರಡು ದಿನ ಊಟಕ್ಕೆ ಬರಲಿಲ್ಲ, ಹುಳಿತೇಗು ಮರಳಿ ಬಂತಂತೆ.

ಅವತ್ತು ಸಂಜೆ ದೀಪ ಹಚ್ಚುವ ಮೊದಲು ಅಕ್ಕ ಲೋಟ ಹಿಡಿದು ಬಂದಳು. ಹಿಂಬಾಗಿಲಲ್ಲಿ ಕೂತಳು. ಘಾಟಿಯಿಂದ ಬಂದು ನಿದ್ದೆ ಮುಗಿಸಿದ ಸಾಹೇಬರೂ ನನ್ನ ಗಂಡನೂ ಬೆಂಚಿನ ಮೇಲೆ, ಸ್ಕೂಲಿನಲ್ಲಿ ಸಿಕ್ಕಿಬಿದ್ದ ಹುಡುಗರ ಹಾಗೆ ಒಬ್ಬರಿಗೊಬ್ಬರು ಅಂಟಿ ಕೂತಿದ್ದರು. ನಾನು ಆ ಡಬ್ಬಿಯನ್ನು ಸಾಹೇಬರ ಮುಂದೆ ಹಿಡಿದು, ಗ್ಯಾರೇಜಿನ ಕೈಯಲ್ಲಿ ಮುಟ್ಟಿದ್ದನ್ನು ನನ್ನ ಗಿರಾಕಿಗಳಿಗೆ ತಿನ್ನಿಸಿದಿರಲ್ಲ, ಯಾರಿಗಾದರೂ ಹೊಟ್ಟೆ ಕೆಟ್ಟಿದ್ದರೆ ಗತಿ ಏನು ಎಂದು ದಬಾಯಿಸುತ್ತಿದ್ದೆ. ಸಾಹೇಬರು ತಲೆ ಎತ್ತಲಿಲ್ಲ. ಅಕ್ಕ ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡಳು.

"ಬೈಬೇಡಿ ಅಕ್ಕ. ಅದನ್ನ ದಿನಾ ಬಿಸಿನೀರಲ್ಲಿ ತೊಳ್ದು, ಮೊಸರಿನ ಪಾತ್ರೆ ಪಕ್ಕ, ಇವ್ರ ಕೈಗೆ ಸಿಗೋ ಹಂಗೆ ಇಡ್ತಿದ್ದದ್ದು ನಾನೇ."

ಸಾಹೇಬರು ಈಗ ತಲೆ ಎತ್ತಿದರು. ಇಷ್ಟು ದಿನ ಕದ್ದೆನೆಂದುಕೊಂಡಿದ್ದವರ ಮುಖ ನೋಡುವ ಹಾಗಿತ್ತು, ಆದರೆ ನಾನು ಅದನ್ನು ಸರಿಯಾಗಿ ನೋಡಲೂ ಇಲ್ಲ. ನನ್ನ ಮೇಲೆ ಅಷ್ಟು ನೋವಿಟ್ಟುಕೊಂಡು ಹಾಗೆ ಯಾಕೆ ಮಾಡಿದಿರಿ ಎಂದು ಅವಳನ್ನು ಕೇಳಿದೆ.

"ಮಾತು ಬಿಟ್ಟಿದ್ದೆ," ಎಂದಳು. "ಹೆಪ್ಪು ಬಿಡೋಕೆ ಆಗ್ಲಿಲ್ಲ."

ಎದ್ದು ಹೋಗಿ ಬೋಗುಣಿಗೆ ಹಾಲು ಸುರಿದೆ, ಅವಳ ಹೆಪ್ಪನ್ನು ಅದಕ್ಕೆ ಬಿಟ್ಟೆ, ಲೋಟ ತೊಳೆದೆ. ಸಕ್ಕರೆ ಡಬ್ಬ ಇಳಿಸಿ ಲೋಟದ ಕಂಠದವರೆಗೆ ಸುರಿದು ತಂದು ಅವಳ ಕೈಗೆ ಕೊಟ್ಟೆ. ಲೋಟ ಬೆಳಿಗ್ಗೆ ತಾನೇ ವಾಪಸ್ ಬರಬೇಕಾದದ್ದು, ಈಗಲೇ ಯಾಕೆ ಎಂದು ಅವಳು ಕೇಳಿದಳು. ಬೆಳಿಗ್ಗೆಯೂ ತರುತ್ತೇನೆ, ಇದು ಹಿಂದಿನ ಬಾಕಿ ಎಂದೆ.